ಷಿಕಾಗೊದ ಚಳಿ, ನಮ್ಮ ಕಡೆಯ ಬಿಸಿಲು: ಏರುಪೇರು ನಿಜಕ್ಕೂ ಎಲ್ಲಿ ಜಾಸ್ತಿ?

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಮಗಳು, ಅಳಿಯ ಷಿಕಾಗೊದಲ್ಲಿದ್ದಾರೆ. ಚಳಿಗಾಲದಲ್ಲಿ ಫೋನ್ ಮಾಡಿದಾಗಲೆಲ್ಲ ಹವಾಮಾನದ್ದೇ ಮಾತು. ಒಂದು ವಾರ ಮೈನಸ್ ಇಪ್ಪತ್ತು, ಮುಂದಿನ ವಾರ ಪ್ಲಸ್ ಹತ್ತು ಅಂತಾರೆ. ಭೂಮಿ ಬಿಸಿಯಾಗುತ್ತಿರುವುದರಿಂದ ಈ ಏರುಪೇರು ಜಾಸ್ತಿಯಾಗಿದೆ ಅನ್ನೋದು ಅಳಿಯಂದಿರ ವಾದ. ಬಿಸಿಯಾಗುತ್ತಿದ್ದರೆ ಅಷ್ಟು ಚಳಿ ಹೇಗೆ ಬರುತ್ತೆ? ನಮ್ಮ ಕಡೆಗೂ ಇಂಥ ಏರುಪೇರು ಬರುತ್ತಾ? ನಮ್ಮ ಜಿಲ್ಲೆಯ ಲೆಕ್ಕವನ್ನು ನಾನೇ ಕೂತು ನೋಡೋದಾದರೆ ಹೇಗೆ?

ಉತ್ತರ: ನಿಮ್ಮ ಅಳಿಯಂದಿರು ಹೇಳಿದ್ದು ಅರ್ಧ ಸರಿ. ಭೂಮಿ ಬಿಸಿಯಾಗುತ್ತಿರುವುದು ನಿಜ. ಷಿಕಾಗೊದ ಚಳಿಗಾಲದಲ್ಲಿ ಏರುಪೇರು ದೊಡ್ಡದು ಅನ್ನೋದೂ ನಿಜ. ಆದರೆ ಒಂದರಿಂದಲೇ ಇನ್ನೊಂದು ಹೆಚ್ಚಿದೆ ಅನ್ನೋದಕ್ಕೆ ಆಧಾರ ಗಟ್ಟಿಯಾಗಿಲ್ಲ. ಚಳಿಗಾಲದ ಮಟ್ಟಿಗೆ ಲೆಕ್ಕ ಉಲ್ಟಾ ಇದೆ: ಅಲ್ಲಿ ಏರುಪೇರು ನಿಧಾನಕ್ಕೆ ಕಮ್ಮಿಯಾಗಬೇಕು. ಜಾಸ್ತಿಯಾಗುವ ಜಾಗಗಳು ಬೇರೆ ಇವೆ, ಮತ್ತು ಆ ಪಟ್ಟಿಯಲ್ಲಿ ನಮ್ಮ ದೇಶವೂ ಇದೆ.

ಮೊದಲಿಗೆ, ಅಲ್ಲಿನ ಏರುಪೇರು ಹೊಸದಲ್ಲ. ಅಮೆರಿಕದ ಸೌತ್ ಡಕೋಟಾದಲ್ಲಿ ಸ್ಪಿಯರ್‌ಫಿಷ್ ಅಂತ ಒಂದು ಊರಿದೆ. 1943ರ ಜನವರಿ 22ರ ಬೆಳಿಗ್ಗೆ ಅಲ್ಲಿ ಮೈನಸ್ 20 ಡಿಗ್ರಿ ಇತ್ತು. ಬೆಟ್ಟದ ಕಡೆಯಿಂದ ಬಿಸಿಗಾಳಿ ನುಗ್ಗಿ, ಎರಡೇ ನಿಮಿಷದಲ್ಲಿ 7 ಡಿಗ್ರಿಗೆ ಏರಿತು. ಹವಾಮಾನ ಬದಲಾವಣೆ ಅನ್ನೋ ಮಾತು ಪೇಪರ್‌ಗಳಿಗೆ ಬರೋಕೆ ಎಷ್ಟೋ ವರ್ಷ ಮೊದಲಿನ ಕಥೆ ಇದು. ಷಿಕಾಗೊದ್ದೇ ತಗೊಳ್ಳಿ. 2019ರ ಜನವರಿ 30ರಂದು ಅಲ್ಲಿ ಮೈನಸ್ 31ರ ಹತ್ತಿರಕ್ಕೆ ಇಳಿದಿತ್ತು. ವಾರ ಕಳೆಯುವಷ್ಟರಲ್ಲಿ 10ರ ಆಸುಪಾಸಿಗೆ ಬಂತು. ನಲವತ್ತು ಡಿಗ್ರಿ ವ್ಯತ್ಯಾಸ. ಆದರೂ ಆ ಊರಿನ ಚಳಿಯ ದಾಖಲೆ ಮುರಿಯಲಿಲ್ಲ. ಅದು 1985ರ ಜನವರಿ 20ರದ್ದು, ಸುಮಾರು ಮೈನಸ್ 33. ಅದು ಇವತ್ತಿಗೂ ಹಾಗೇ ನಿಂತಿದೆ.

ಹಾಗಾದರೆ ಅಲ್ಲಿ ಇಷ್ಟು ಏರಿಳಿತ ಯಾಕೆ? ಗಾಳಿಯಿಂದ. ಷಿಕಾಗೊದಿಂದ ಉತ್ತರಕ್ಕೆ ಸಾವಿರ ಕಿಲೋಮೀಟರ್ ಹೋದರೆ ಕೆನಡಾದ ಕಾಡು. ಜನವರಿಯ ಸರಾಸರಿಯಲ್ಲಿ ಅದು ಷಿಕಾಗೊಗಿಂತ 15 ಡಿಗ್ರಿಯಷ್ಟು ತಣ್ಣಗೆ. ದಕ್ಷಿಣಕ್ಕೆ ಅಷ್ಟೇ ದೂರ ಹೋದರೆ ಹತ್ತು ಡಿಗ್ರಿಗೂ ಮೀರಿ ಬೆಚ್ಚಗೆ. ಗಂಟೆಗೆ ನಲವತ್ತು ಕಿಲೋಮೀಟರ್ ವೇಗದ ಗಾಳಿ ಒಂದೇ ದಿನದಲ್ಲಿ ಆ ದೂರ ಕ್ರಮಿಸುತ್ತೆ. ಇವತ್ತು ಉತ್ತರದ ಗಾಳಿ, ನಾಳಿದ್ದು ದಕ್ಷಿಣದ್ದು ಅಂದರೆ, ದಾರಿಯಲ್ಲಿ ಗಾಳಿ ಒಂದಿಷ್ಟು ಬದಲಾದರೂ, ಇಪ್ಪತ್ತು ಡಿಗ್ರಿ ಆಚೀಚೆ ಆಗೋದು ಸಹಜ. ತಡೆಯೋಕೆ ಅಡ್ಡ ಬೆಟ್ಟವೂ ಇಲ್ಲ. ರಾಕಿ ಪರ್ವತ ಉತ್ತರ–ದಕ್ಷಿಣವಾಗಿ ಮಲಗಿದೆ. ಹಾಗಾಗಿ ಆರ್ಕ್ಟಿಕ್‌ನ, ಅಂದರೆ ಉತ್ತರ ಧ್ರುವದ ಸುತ್ತಲಿನ ಗಾಳಿ ಸೀದಾ ಟೆಕ್ಸಸ್‌ವರೆಗೂ ಇಳಿಯುತ್ತೆ. ನಮಗೆ ಉತ್ತರದಲ್ಲಿ ಹಿಮಾಲಯ ಅಡ್ಡ ನಿಂತಿದೆ. ಅದೂ ಅಲ್ಲದೆ ದಾವಣಗೆರೆ ಇರೋದು ಹದಿನಾಲ್ಕೂವರೆ ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿಂದ ಉತ್ತರಕ್ಕೆ ಸಾವಿರ ಕಿಲೋಮೀಟರ್ ಹೋದರೂ ಜನವರಿಯ ಸರಾಸರಿ ಕೆಲವೇ ಡಿಗ್ರಿ ಇಳಿಯುತ್ತೆ. ಗಾಳಿ ಯಾವ ಕಡೆಯಿಂದ ಬೀಸಿದರೂ ನಿಮ್ಮ ಸ್ವೆಟರ್ ಅದೇ.

ಷಿಕಾಗೊ ಇರೋದು ಮಧ್ಯ ಅಕ್ಷಾಂಶದಲ್ಲಿ, ಅಂದರೆ ಸುಮಾರು 30ರಿಂದ 60 ಡಿಗ್ರಿವರೆಗಿನ ಪಟ್ಟಿಯಲ್ಲಿ. ಒಂದು ಕಡೆ ಧ್ರುವ, ಇನ್ನೊಂದು ಕಡೆ ಉಷ್ಣವಲಯ. ನಡುವೆ ಸಿಕ್ಕಿಕೊಂಡ ಜಾಗ. ಅಲ್ಲಿನ ಚಳಿಗಾಲದ ಏರುಪೇರು ಹೆಚ್ಚಾಗಿ ನಿಂತಿರೋದು ಈ ಎರಡರ ನಡುವಿನ ಉಷ್ಣಾಂಶದ ಅಂತರದ ಮೇಲೆ.

ಈಗ ಆ ಅಂತರ ಏನಾಗಿದೆ ನೋಡಿ. 1979ರಿಂದ ಈಚೆಗೆ ಆರ್ಕ್ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಬಿಳಿ ಹಿಮ ಕರಗಿದ ಕಡೆ ಕಪ್ಪಗೆ ಕಾಣುವ ಸಮುದ್ರದ ನೀರು ಬಿಸಿಲು ಹೀರುತ್ತೆ, ಅದು ಎಲ್ಲರಿಗೂ ಗೊತ್ತು. ಚಳಿಗಾಲದಲ್ಲಿ ಇನ್ನೂ ಒಂದು ಕೆಲಸ ನಡೆಯುತ್ತೆ. ಮಂಜುಗಡ್ಡೆ ಮುಚ್ಚಿದ್ದರೆ ಅದರ ಮೇಲಿನ ಗಾಳಿ ಮೈನಸ್ ಮೂವತ್ತಕ್ಕೂ ಇಳಿಯಬಹುದು. ಮಂಜುಗಡ್ಡೆ ಇಲ್ಲದಿದ್ದರೆ ಕೆಳಗೆ ಇರೋದು ಸಮುದ್ರದ ನೀರು, ಅದು ಹೆಪ್ಪುಗಟ್ಟೋದು ಮೈನಸ್ 1.8ರ ಹತ್ತಿರ. ಮೈನಸ್ ಎರಡರ ನೀರಿನ ಮೇಲೆ ಹಾದುಬಂದ ಗಾಳಿ ಮೈನಸ್ ಮೂವತ್ತರಷ್ಟು ಕೊರೆಯಲಾರದು. ಅಂದರೆ ಉತ್ತರದ ಗಾಳಿ ಬೀಸೋದು ನಿಂತಿಲ್ಲ, ಅದರ ಹಲ್ಲು ಮೊಂಡಾಗುತ್ತಿದೆ. ದಕ್ಷಿಣದ ಗಾಳಿಯೂ ಬೆಚ್ಚಗಾಗಿದೆ, ಆದರೆ ಅಷ್ಟಲ್ಲ. ಎರಡರ ನಡುವಿನ ಅಂತರ ಕಿರಿದಾದರೆ ಏರುಪೇರೂ ಕಿರಿದಾಗಬೇಕು, ಅಲ್ವಾ?

ಇದನ್ನೇ ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಕ್ರೀನ್ 2014ರಲ್ಲಿ ದಾಖಲೆಗಳನ್ನು ಇಟ್ಟುಕೊಂಡು ತೋರಿಸಿದರು. ಉತ್ತರದ ಗಾಳಿ ಬೀಸುವ ತಣ್ಣನೆಯ ದಿನಗಳು, ದಕ್ಷಿಣದ ಗಾಳಿ ಬೀಸುವ ಬೆಚ್ಚನೆಯ ದಿನಗಳಿಗಿಂತ ಬೇಗ ಬಿಸಿಯಾಗುತ್ತಿವೆ. ಮರುವರ್ಷ ಟಾಪಿಯೊ ಷ್ನೈಡರ್ ಮತ್ತು ಸಂಗಡಿಗರು ಅದೇ ಮಾತಿಗೆ ಭೌತಶಾಸ್ತ್ರದ ಲೆಕ್ಕ ಒದಗಿಸಿದರು.

ಪಾಠ ಮಾಡುವವರ ಭಾಷೆಯಲ್ಲಿ ಹೇಳೋದಾದರೆ: ಇಡೀ ತರಗತಿಗೆ ಐದು ಗ್ರೇಸ್ ಮಾರ್ಕ್ಸ್ ಕೊಟ್ಟರೆ ಸರಾಸರಿ ಏರುತ್ತೆ, ಮೊದಲನೆಯವನಿಗೂ ಕೊನೆಯವನಿಗೂ ಇರುವ ಅಂತರ ಹಾಗೇ ಉಳಿಯುತ್ತೆ. ಹಿಂದಿನ ಬೆಂಚಿನವರಿಗೆ ಎಂಟು, ಮುಂದಿನವರಿಗೆ ಮೂರು ಕೊಟ್ಟರೆ ಸರಾಸರಿಯೂ ಏರುತ್ತೆ, ಅಂತರವೂ ಕುಗ್ಗುತ್ತೆ. ಷಿಕಾಗೊದ ಚಳಿಗಾಲದಲ್ಲಿ ಆಗುತ್ತಿರುವುದು ಎರಡನೆಯದು.

ಸಂಖ್ಯೆಯಲ್ಲಿ ನೋಡೋಣ. ಇದು ಯಾವ ಊರಿನ ದಾಖಲೆಯೂ ಅಲ್ಲ, ಸುಮ್ನೆ ಲೆಕ್ಕಕ್ಕೆ ತಗೊಂಡದ್ದು. ಒಂದು ಊರಿನ ಚಳಿಗಾಲದ ಸರಾಸರಿ ಸೊನ್ನೆ ಡಿಗ್ರಿ, ಸ್ಟ್ಯಾಂಡರ್ಡ್ ಡೀವಿಯೇಷನ್ (ದಿನದಿನದ ಉಷ್ಣಾಂಶ ಸರಾಸರಿಯಿಂದ ಎಷ್ಟು ಆಚೀಚೆ ಹರಡಿದೆ ಅನ್ನೋ ಅಳತೆ) 8 ಅಂತ ಇಟ್ಟುಕೊಳ್ಳಿ. ಮೈನಸ್ 16ಕ್ಕಿಂತ ಕೆಳಗೆ ಹೋಗುವ ದಿನಗಳು ತೊಂಬತ್ತರಲ್ಲಿ ಎರಡು. ಸರಾಸರಿ ಮಾತ್ರ 2 ಡಿಗ್ರಿ ಏರಿದರೆ ಅದು ಒಂದಕ್ಕೆ ಇಳಿಯುತ್ತೆ. ಸರಾಸರಿ ಏರುವುದರ ಜೊತೆಗೆ ಡೀವಿಯೇಷನ್ 7ಕ್ಕೆ ಕುಗ್ಗಿದರೆ? ಎರಡು ಚಳಿಗಾಲಕ್ಕೆ ಒಂದು ದಿನ. ಅಂಥ ಚಳಿ ಅಪರೂಪವಾಗುತ್ತೆ, ಆದರೆ ಸೊನ್ನೆಯಾಗೋದಿಲ್ಲ. ಬಿಸಿಯಾಗುತ್ತಿದ್ದರೆ ಅಷ್ಟು ಚಳಿ ಹೇಗೆ ಅನ್ನೋ ನಿಮ್ಮ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಭೂಮಿ ಸರಾಸರಿಯಲ್ಲಿ ಒಂದು ಚಿಲ್ಲರೆ ಡಿಗ್ರಿ ಬಿಸಿಯಾದ ಮಾತ್ರಕ್ಕೆ ಇಪ್ಪತ್ತು–ಮೂವತ್ತು ಡಿಗ್ರಿ ಇಳಿಸುವ ಗಾಳಿ ಮಾಯವಾಗಲ್ಲ. ಅಪರೂಪ ಆದದ್ದರಿಂದಲೇ ಬಂದಾಗ ಜಾಸ್ತಿ ಕಾಡುತ್ತೆ. ಜನರಿಗೆ ರೂಢಿ ತಪ್ಪಿರುತ್ತೆ, ಪೈಪುಗಳು ಅದಕ್ಕೆ ತಯಾರಿರಲ್ಲ. 2021ರ ಫೆಬ್ರುವರಿಯಲ್ಲಿ ಟೆಕ್ಸಸ್‌ನಲ್ಲಿ ಆದದ್ದು ಅದೇ. ಡಲ್ಲಾಸ್‌ನಲ್ಲಿ ಮೈನಸ್ 19 ಮುಟ್ಟಿತು, ಕರೆಂಟ್ ಹೋಯಿತು, ರಾಜ್ಯದ ಅಧಿಕೃತ ಲೆಕ್ಕದಲ್ಲೇ 246 ಜನ ಸತ್ತರು.

ನಿಮ್ಮ ಅಳಿಯಂದಿರು ಇಲ್ಲಿ ಒಂದು ಮಾತು ಎತ್ತೇ ಎತ್ತುತ್ತಾರೆ: ಜೆಟ್ ಸ್ಟ್ರೀಮ್. ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆ ಅದು. ಧ್ರುವಕ್ಕೂ ಉಷ್ಣವಲಯಕ್ಕೂ ಅಂತರ ಕಮ್ಮಿಯಾದರೆ ಈ ಗಾಳಿ ನಿಧಾನವಾಗುತ್ತೆ, ಹೆಚ್ಚು ಅಂಕುಡೊಂಕಾಗುತ್ತೆ, ಆ ಡೊಂಕಿನಲ್ಲಿ ಧ್ರುವದ ಚಳಿ ದಕ್ಷಿಣಕ್ಕೆ ಜಾರಿ ಅಲ್ಲೇ ಕೂತುಬಿಡುತ್ತೆ ಅಂತ ಜೆನ್ನಿಫರ್ ಫ್ರಾನ್ಸಿಸ್ ಮತ್ತು ಸ್ಟೀಫನ್ ವಾವ್ರಸ್ 2012ರಲ್ಲಿ ಬರೆದರು. ಕೇಳೋಕೆ ಚೆನ್ನಾಗಿದೆ. ಚಿತ್ರ ಬಿಡಿಸೋಕಂತೂ ಬಹಳ ಚೆನ್ನಾಗಿದೆ. ಹಾಗಾಗಿಯೇ ಟಿವಿಯವರಿಗೆ ಪ್ರೀತಿ. ಆದರೆ 2020ರಲ್ಲಿ ರಸೆಲ್ ಬ್ಲ್ಯಾಕ್‌ಪೋರ್ಟ್ ಮತ್ತು ಸ್ಕ್ರೀನ್ ಹೊಸ ವರ್ಷಗಳ ದಾಖಲೆ ಸೇರಿಸಿ ನೋಡಿದಾಗ, ಆ ಅಂಕುಡೊಂಕಿನ ಅಲೆಗಳು ದೊಡ್ಡದಾಗುತ್ತಿವೆ ಅಂತ ಮೊದಲು ಕಂಡಿದ್ದ ಸೂಚನೆ ಉಳಿಯಲಿಲ್ಲ. ಆರ್ಕ್ಟಿಕ್ ಬಿಸಿಯಾಗುತ್ತಲೇ ಇತ್ತು, ಅಲೆಗಳು ಮಾತ್ರ ಹಿಂದಿನಂತೆಯೇ ಇದ್ದವು. ಮರುವರ್ಷ ಜೂಡಾ ಕೋಹೆನ್ ಮತ್ತು ಸಂಗಡಿಗರು ಇನ್ನೊಂದು ದಾರಿ ಹಿಡಿದರು. ಇನ್ನೂ ಮೇಲೆ, ಸ್ಟ್ರಾಟೊಸ್ಫಿಯರ್‌ನಲ್ಲಿ ಸುತ್ತುವ ಧ್ರುವದ ಸುಳಿಗಾಳಿ ಹಿಡಿದು ಎಳೆದಂತೆ ಉದ್ದವಾದಾಗ ಅಮೆರಿಕಕ್ಕೆ ಚಳಿ ಇಳಿಯುತ್ತೆ, ಅದಕ್ಕೂ ಆರ್ಕ್ಟಿಕ್ ಬದಲಾವಣೆಗೂ ನಂಟಿದೆ ಅನ್ನೋದು ಅವರ ವಾದ. ಜಗಳ ಮುಗಿದಿಲ್ಲ. ನನ್ನನ್ನು ಕೇಳಿದರೆ, ಗಾಳಿಯ ದಾರಿ ಬದಲಾಗಿದೆ ಅನ್ನೋದಕ್ಕಿಂತ ಗಾಳಿ ಹೊತ್ತು ತರುವ ಚಳಿಯೇ ಕಮ್ಮಿಯಾಗಿದೆ ಅನ್ನೋದಕ್ಕೆ ಪುರಾವೆ ಎಷ್ಟೋ ಜಾಸ್ತಿ.

ಇದೆಲ್ಲ ಚಳಿಗಾಲದ ಮಾತಾಯಿತು. ಬೇಸಿಗೆಯ ಕಥೆ ಬೇರೆ, ಮತ್ತು ನನಗೆ ಅದೇ ಹೆಚ್ಚು ಮುಖ್ಯ ಅನ್ನಿಸುತ್ತೆ. ಯಾಕೆಂದರೆ ಅಲ್ಲಿ ಏರುಪೇರು ಬರೋದು ದೂರದ ಗಾಳಿಯಿಂದಲ್ಲ, ಕಾಲ ಕೆಳಗಿನ ಮಣ್ಣಿನಿಂದ.

ಇದಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ. ಏಪ್ರಿಲ್ ಮಧ್ಯಾಹ್ನ ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಬೇಸಿಗೆ ಭತ್ತ ನಿಂತಿರುವ ಗದ್ದೆಯ ಬದುವಿನ ಮೇಲೆ ಹೋಗಿ ನಿಲ್ಲಿ. ಬಿಸಿಲು ನೆತ್ತಿ ಸುಡುತ್ತೆ, ಆದರೆ ಮೊಣಕಾಲಿನ ಮಟ್ಟದಲ್ಲಿ ತಂಪು ಹಾಯುತ್ತೆ. ಅದೇ ದಿನ ನಾಲೆ ನೀರು ಮುಟ್ಟದ ಎರೆ ಹೊಲಕ್ಕೆ ಬನ್ನಿ. ಅಂಗೈ ತೂರುವಷ್ಟು ಬಿರುಕು ಬಿಟ್ಟಿರುತ್ತೆ. ಚಪ್ಪಲಿ ತೆಗೆದು ಎರಡು ಹೆಜ್ಜೆ ಇಡೋಕಾಗಲ್ಲ. ಆಕಾಶ ಒಂದೇ, ಬಿಸಿಲೂ ಒಂದೇ.

ವ್ಯತ್ಯಾಸ ಇರೋದು ಬಿಸಿಲಿನ ಶಾಖ ಎಲ್ಲಿ ಖರ್ಚಾಗುತ್ತೆ ಅನ್ನೋದರಲ್ಲಿ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಅದು ಆವಿಯಾಗೋಕೆ ಸುಮಾರು 24.5 ಲಕ್ಷ ಜೂಲ್ ಶಾಖ ಬೇಕು. ನೀರು ನಿಂತ ಗದ್ದೆಯಿಂದ ಬೇಸಿಗೆಯ ದಿನಕ್ಕೆ ಐದು ಮಿಲಿಮೀಟರ್ ಆವಿಯಾದರೆ, ಚದರ ಮೀಟರಿಗೆ 120 ಲಕ್ಷ ಜೂಲ್ ದಾಟುತ್ತೆ. ನೆಲಕ್ಕೆ ದಕ್ಕುವ ನಿವ್ವಳ ಶಾಖದ ದೊಡ್ಡ ಪಾಲು ಅಲ್ಲೇ ಮುಗಿದುಹೋಯಿತು. ಒಣ ಹೊಲದಲ್ಲಿ ಆವಿಯಾಗೋಕೆ ನೀರೇ ಇಲ್ಲ. ಅಷ್ಟೂ ಶಾಖ ಮಣ್ಣನ್ನು ಕಾಯಿಸುತ್ತೆ, ಮಣ್ಣು ಗಾಳಿಯನ್ನು ಕಾಯಿಸುತ್ತೆ.

ಈಗ ಸ್ವಲ್ಪ ಯೋಚನೆ ಮಾಡಿ. ಸದಾ ಒದ್ದೆ ಇರುವ ಜಾಗದಲ್ಲಿ ಬೇಸಿಗೆ ಹೆಚ್ಚು ಏರುಪೇರಾಗಲ್ಲ. ಸದಾ ಒಣಗಿರುವ ಮರುಭೂಮಿಯಲ್ಲೂ ಈ ಕಾರಣಕ್ಕೆ ಏರುಪೇರಿಲ್ಲ, ಅಲ್ಲಿ ಯಾವಾಗಲೂ ಬಿಸಿಯೇ. ಒಂದು ವರ್ಷ ಒದ್ದೆ, ಇನ್ನೊಂದು ವರ್ಷ ಒಣ, ಒಂದು ತಿಂಗಳು ಹಾಗೆ, ಇನ್ನೊಂದು ತಿಂಗಳು ಹೀಗೆ ಅನ್ನುವ ನಡುವಿನ ಪಟ್ಟಿಯಲ್ಲೇ ಉಷ್ಣಾಂಶ ಜೋಲಿ ಹೊಡೆಯೋದು. ಯುರೋಪಿನ ಮಧ್ಯಭಾಗ ಮೊದಲು ಒದ್ದೆ ಕಡೆಯಲ್ಲಿತ್ತು. ಬಿಸಿ ಹೆಚ್ಚಾದ ಹಾಗೆ ಅಲ್ಲಿನ ಮಣ್ಣು ಬೇಸಿಗೆ ಮುಗಿಯೋ ಮೊದಲೇ ಒಣಗಿ, ಆ ನಾಡು ನಡುವಿನ ಪಟ್ಟಿಗೆ ಜಾರುತ್ತೆ ಅಂತ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನ ಸೋನಿಯಾ ಸೆನೆವಿರತ್ನೆ ಮತ್ತು ಸಂಗಡಿಗರು 2006ರಲ್ಲಿ ಬರೆದರು. ಅದಕ್ಕೆ ಎರಡು ವರ್ಷ ಮೊದಲು ಅದೇ ಸಂಸ್ಥೆಯ ಕ್ರಿಸ್ಟಾಫ್ ಷಾರ್, 2003ರ ಯುರೋಪಿನ ಬೇಸಿಗೆಯನ್ನು ಸರಾಸರಿಯ ಏರಿಕೆಯೊಂದರಿಂದಲೇ ವಿವರಿಸೋದು ಕಷ್ಟ, ಹರವೂ (ಸರಾಸರಿಯ ಆಚೀಚೆ ಉಷ್ಣಾಂಶ ಹರಡುವ ಅಗಲ) ಹಿಗ್ಗುತ್ತಿರಬೇಕು ಅಂದಿದ್ದರು. ಆ ಬೇಸಿಗೆಯಲ್ಲಿ ಯುರೋಪಿನಲ್ಲಿ ಸುಮಾರು 70 ಸಾವಿರ ಜನ ಹೆಚ್ಚುವರಿಯಾಗಿ ಸತ್ತರು ಅನ್ನೋ ಅಂದಾಜಿದೆ. ವಸಂತದಲ್ಲೇ ಮಳೆ ಕೈಕೊಟ್ಟು ನೆಲ ಒಣಗಿತ್ತು. ಕೆನಡಾದ ಲಿಟನ್ ಎಂಬ ಹಳ್ಳಿ 50 ಡಿಗ್ರಿ ಉತ್ತರದಲ್ಲಿದೆ. 2021ರ ಜೂನ್ 29ರಂದು ಅಲ್ಲಿ 49.6 ಡಿಗ್ರಿ ಮುಟ್ಟಿತು. ಮಾರನೇ ದಿನ ಬೆಂಕಿ ಬಿದ್ದು ಊರಿನ ಬಹುಭಾಗ ಸುಟ್ಟುಹೋಯಿತು. ಅಲ್ಲಿ ಕಾರಣ ಮಣ್ಣೊಂದೇ ಅಲ್ಲ, ಮೇಲೆ ಗಟ್ಟಿಯಾಗಿ ಕೂತಿದ್ದ ಅಧಿಕ ಒತ್ತಡದ್ದೇ ದೊಡ್ಡ ಪಾಲು, ಆದರೂ ಒಣ ನೆಲ ತನ್ನ ಪಾಲು ಸೇರಿಸಿತ್ತು.

ಹರವು ಹಿಗ್ಗಿದರೆ ಎಷ್ಟು ಪೆಟ್ಟು ಅನ್ನೋದಕ್ಕೆ ಇನ್ನೊಂದು ಕಾಲ್ಪನಿಕ ಲೆಕ್ಕ. ಬೇಸಿಗೆಯ ಸರಾಸರಿ 25, ಡೀವಿಯೇಷನ್ 4 ಇದ್ದಾಗ 33 ದಾಟುವ ದಿನಗಳು ಮೂರು ತಿಂಗಳಲ್ಲಿ ಎರಡು. ಸರಾಸರಿ 27 ಆದರೆ ಆರು. ಡೀವಿಯೇಷನ್ನೂ 5 ಆದರೆ ಹತ್ತರ ಮೇಲೆ. ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿಯ 2021ರ ವರದಿಯಲ್ಲೂ ಈ ಎರಡು ಮುಖ ಕಾಣುತ್ತೆ. ಮುಂದೆ ಆರ್ಕ್ಟಿಕ್‌ನ ಅತಿ ಚಳಿಯ ದಿನಗಳು ಭೂಮಿಯ ಸರಾಸರಿಗಿಂತ ಸುಮಾರು ಮೂರು ಪಟ್ಟು ವೇಗದಲ್ಲಿ ಬಿಸಿಯಾಗುತ್ತವೆ. ಮಧ್ಯ ಅಕ್ಷಾಂಶದ ಕೆಲವು ಕಡೆ, ಅರೆ ಒಣ ಪ್ರದೇಶಗಳಲ್ಲಿ, ಅತಿ ಬಿಸಿಯ ದಿನಗಳು ಒಂದೂವರೆಯಿಂದ ಎರಡು ಪಟ್ಟು ವೇಗದಲ್ಲಿ ಏರುತ್ತವೆ.

ಈಗ ನಮ್ಮ ಕಡೆಗೆ ಬರೋಣ. ಷಿಕಾಗೊದ ಚಳಿಗಾಲದಂಥ ಏರುಪೇರು ನಮಗೆ ಬರಲ್ಲ. ಅದಕ್ಕೆ ಬೇಕಾದ ಗಾಳಿಯೇ ನಮ್ಮಲ್ಲಿಲ್ಲ. ಆದರೆ ಮಣ್ಣಿನಿಂದ ಬರುವ ಏರುಪೇರು? ಅದು ನಮಗೆ ಹಳೇ ಪರಿಚಯ. ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದು. ನಾಯಕನಹಟ್ಟಿ ಕಡೆಯ ಶೇಂಗಾ ಹೊಲಗಳೆಲ್ಲ ಇರೋದು ಆ ನಡುವಿನ ಪಟ್ಟಿಯಲ್ಲೇ. ಭರಣಿ ಮಳೆ ಒಮ್ಮೆ ಚೆನ್ನಾಗಿ ಬಿದ್ದರೆ ಮಾರನೇ ದಿನದ ಬಿಸಿಲಿಗೂ ಹಿಂದಿನ ವಾರದ ಬಿಸಿಲಿಗೂ ಎಷ್ಟು ಫರಕು ಅಂತ ನಿಮಗೆ ನಾನು ಹೇಳಬೇಕಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ನೆಲದಲ್ಲಿ ತೇವವಿಲ್ಲದೆ 2024ರ ಬೇಸಿಗೆಗೆ ಕಾಲಿಟ್ಟೆವು. ನಾಲೆಯ ಕೊನೆ ಭಾಗದವರಿಗೆ ಆ ಬೇಸಿಗೆ ನೆನಪಿರುತ್ತೆ.

2018ರಲ್ಲಿ ಸೆಬಾಸ್ಟಿಯನ್ ಬಾಥಿಯಾನಿ ಮತ್ತು ಸಂಗಡಿಗರು ಬೇರೆ ಬೇರೆ ಹವಾಮಾನ ಮಾದರಿಗಳನ್ನು (ಮುಂದಿನ ಹವಾಮಾನವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಪ್ರೋಗ್ರಾಂಗಳು) ಒಟ್ಟಿಗೆ ಇಟ್ಟು ನೋಡಿದರು. ತಿಂಗಳ ಉಷ್ಣಾಂಶದ ಹರವು ಎಲ್ಲಿ ಹಿಗ್ಗುತ್ತೆ, ಎಲ್ಲಿ ಕುಗ್ಗುತ್ತೆ ಅನ್ನೋದು ಪ್ರಶ್ನೆ. ಉಷ್ಣವಲಯದ ಹೊರಗೆ ಒಟ್ಟಾರೆ ಕುಗ್ಗುತ್ತೆ ಅಂತ ಬಂತು. ಕಾರಣ ನಾವು ಮೇಲೆ ನೋಡಿದ್ದೇ: ಧ್ರುವದ ಜೊತೆಗಿನ ಅಂತರ ಕಮ್ಮಿಯಾಗೋದು, ಸಮುದ್ರದ ಮಂಜುಗಡ್ಡೆ ಕರಗೋದು. ಹಿಗ್ಗುವ ಜಾಗಗಳು ಅಮೆಜಾನ್, ಆಫ್ರಿಕಾದ ದಕ್ಷಿಣ ಭಾಗ, ಸಹಾರಾ ಮರುಭೂಮಿಯ ಕೆಳಗಿನ ಸಹೇಲ್ ಪ್ರದೇಶ, ಆಗ್ನೇಯ ಏಷ್ಯಾ, ಭಾರತ. ನಮ್ಮಲ್ಲಿ ಭೂಮಿ ಒಂದು ಡಿಗ್ರಿ ಬಿಸಿಯಾದರೆ ಹರವು ಶೇಕಡ 10ರವರೆಗೂ ಹಿಗ್ಗಬಹುದು ಅನ್ನುತ್ತೆ ಆ ಲೆಕ್ಕ. ಉಷ್ಣವಲಯದಲ್ಲಿ ಇದರ ಹಿಂದಿರುವ ಮುಖ್ಯ ಕಾರಣಗಳಲ್ಲಿ ಒಂದು ಮಣ್ಣು ಒಣಗೋದು. ಹೊಗೆ ಉಗುಳಿದ್ದು ಹೆಚ್ಚಾಗಿ ಶ್ರೀಮಂತ ದೇಶಗಳು, ಏರುಪೇರು ಅನುಭವಿಸೋದು ಬಡ ದೇಶಗಳು ಅನ್ನೋದನ್ನೂ ಅವರು ಬರೆದಿದ್ದಾರೆ. ಅಳಿಯಂದಿರಿಗೆ ಇದನ್ನು ಕಳಿಸಿಕೊಡಿ, ಚರ್ಚೆಗೆ ಒಳ್ಳೇ ವಿಷಯ.

ಇದು ಮಾದರಿಗಳ ಮಾತು, ನೆನಪಿರಲಿ. ನಮ್ಮ ದೇಶದಲ್ಲಿ ಲೆಕ್ಕ ಕೆಡಿಸುವ ಸಂಗತಿಗಳು ಬೇರೆ ಇವೆ. 1901ರಿಂದ 2018ರವರೆಗೆ ಭಾರತದ ಸರಾಸರಿ ಏರಿದ್ದು ಸುಮಾರು 0.7 ಡಿಗ್ರಿ ಮಾತ್ರ. ಗಾಳಿಯಲ್ಲಿನ ಹೊಗೆಧೂಳು ಬಿಸಿಲನ್ನು ತಡೆದಿದೆ, ನೀರಾವರಿ ನೆಲವನ್ನು ತಂಪಾಗಿಟ್ಟಿದೆ. ಮುಂದೆ ಮುಂಗಾರು ಒಟ್ಟಾರೆ ಹೆಚ್ಚಬಹುದು ಅನ್ನೋದೂ ಅದೇ ಮಾದರಿಗಳ ಮುನ್ನೋಟ. ಹೆಚ್ಚು ಮಳೆ ಕೆಲವೇ ದಿನಗಳಲ್ಲಿ ಸುರಿದು, ನಡುವೆ ದೊಡ್ಡ ಬಿಡುವು ಬಂದರೆ ಮಣ್ಣಿಗೆ ಏನೂ ಲಾಭವಿಲ್ಲ.

ಕೊನೆಯದಾಗಿ, ನೀವೇ ಲೆಕ್ಕ ನೋಡೋದು ಹೇಗೆ. ಫೋನಿನ ಆ್ಯಪ್ ತೋರಿಸುವ ಸಂಖ್ಯೆಯನ್ನು ದಯವಿಟ್ಟು ಬರೆದಿಡಬೇಡಿ. ಅದು ಬಹುಪಾಲು ಕಂಪ್ಯೂಟರ್ ಮಾದರಿಯ ಅಂದಾಜು, ನಿಮ್ಮೂರಿನ ಥರ್ಮಾಮೀಟರ್ ಅಲ್ಲ. ಚಿತ್ರದುರ್ಗದಲ್ಲಿ ಹವಾಮಾನ ಇಲಾಖೆಯ ವೀಕ್ಷಣಾಲಯ ಇದೆ. ಇಲಾಖೆಯ ಪುಣೆ ಕಚೇರಿ 1951ರಿಂದ ಈಚಿನ ದಿನದ ಗರಿಷ್ಠ, ಕನಿಷ್ಠ ಉಷ್ಣಾಂಶವನ್ನು ಒಂದು ಡಿಗ್ರಿ ಚೌಕಗಳಾಗಿ ಮಾಡಿ ಉಚಿತವಾಗಿ ಕೊಡುತ್ತೆ. ದಾವಣಗೆರೆ, ಚಿತ್ರದುರ್ಗ ಎರಡನ್ನೂ ಅದರಲ್ಲಿ ನೋಡಬಹುದು. ಆ ಫೈಲು ನೇರವಾಗಿ ಎಕ್ಸೆಲ್‌ನಲ್ಲಿ ತೆರೆಯಲ್ಲ, ಕಂಪ್ಯೂಟರ್ ಓದಿರುವ ಹುಡುಗರು ಯಾರಾದರೂ ಬದಲಿಸಿಕೊಟ್ಟರೆ ಆಮೇಲಿನದು ಎಕ್ಸೆಲ್ ಸಾಕು. ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳ ಅಂಕಿಗಳೂ ರಾಜ್ಯದಲ್ಲಿವೆ, ಆದರೆ ಈ ಕೆಲಸಕ್ಕೆ ಅವುಗಳ ವಯಸ್ಸು ಸಾಲದು.

1961ರಿಂದ 1990 ಒಂದು ಕಂತೆ, 1991ರಿಂದ 2020 ಇನ್ನೊಂದು ಕಂತೆ ಮಾಡಿ. ಮಾರ್ಚ್‌ನಿಂದ ಮೇವರೆಗಿನದನ್ನು ಬೇರೆಯಾಗಿಯೇ ನೋಡಿ. ವರ್ಷವಿಡೀ ಸೇರಿಸಿದರೆ ಕಾಲಮಾನದ ಏರಿಳಿತವೇ ಎಲ್ಲವನ್ನೂ ನುಂಗಿಬಿಡುತ್ತೆ. ಡೀವಿಯೇಷನ್ ತೆಗೆಯೋ ಮೊದಲು ಒಂದು ಕೆಲಸ ಮರೆಯಬೇಡಿ: ಆಯಾ ಕಂತೆಯೊಳಗಿನ ನಿಧಾನದ ಏರಿಕೆಯನ್ನು ಗೆರೆ ಎಳೆದು ಕಳೆಯಬೇಕು. ಇಲ್ಲದಿದ್ದರೆ ಸರಾಸರಿಯ ಏರಿಕೆಯೇ ಏರುಪೇರಿನ ವೇಷ ಹಾಕಿಕೊಂಡು ಬರುತ್ತೆ. ದೊಡ್ಡವರೂ ಇಲ್ಲಿ ಎಡವಿದ ಉದಾಹರಣೆ ಇದೆ. 2012ರಲ್ಲಿ ಜೇಮ್ಸ್ ಹ್ಯಾನ್ಸನ್ ಮತ್ತು ಸಂಗಡಿಗರು ಜಗತ್ತಿನ ಬೇಸಿಗೆಯ ಉಷ್ಣಾಂಶದ ಹರವು ಹಿಗ್ಗಿದೆ ಅಂತ ಚಿತ್ರ ಬಿಡಿಸಿದ್ದರು. ಮರುವರ್ಷ ರೈನ್ಸ್ ಮತ್ತು ಹೈಬರ್ಸ್ ಅದನ್ನು ಬಿಡಿಸಿ ನೋಡಿದಾಗ, ಆ ಹಿಗ್ಗುವಿಕೆ ಬಹುಪಾಲು ಲೆಕ್ಕ ಹಾಕಿದ ರೀತಿಯಿಂದ ಬಂದದ್ದು, ಒಂದೊಂದು ಪ್ರದೇಶ ಒಂದೊಂದು ವೇಗದಲ್ಲಿ ಬಿಸಿಯಾಗಿದ್ದನ್ನು ಒಟ್ಟು ಸೇರಿಸಿದ್ದೂ ಕಾರಣ ಅಂತ ಗೊತ್ತಾಯಿತು. ಸರಾಸರಿ ಏರಿದೆ ಅನ್ನೋದಕ್ಕೆ ಇದರಿಂದ ಏನೂ ಕುಂದಿಲ್ಲ.

ಇನ್ನೂ ಉತ್ಸಾಹ ಇದ್ದರೆ ಬೇಸಿಗೆಗಳನ್ನು ಎರಡು ಪಟ್ಟಿ ಮಾಡಿ: ಹಿಂದಿನ ಮುಂಗಾರು ಚೆನ್ನಾಗಿ ಬಂದವು ಒಂದು, ಕೈಕೊಟ್ಟವು ಇನ್ನೊಂದು. ಮಣ್ಣಿನ ಕೈವಾಡ ಹೆಚ್ಚು ಸ್ಪಷ್ಟವಾಗಿ ಕಾಣುವ ಸಾಧ್ಯತೆ ಅಲ್ಲೇ. ಗರಿಷ್ಠ ಉಷ್ಣಾಂಶದ ಕಾಲಂ ಮೇಲೆ ಕಣ್ಣಿಡಿ, ಕನಿಷ್ಠದ್ದರ ಮೇಲೆ ಅಷ್ಟಾಗಿ ಬೇಡ. ರಾತ್ರಿಯ ಉಷ್ಣಾಂಶಕ್ಕೆ ಮೋಡ, ತೇವ, ಊರಿನ ಕಾಂಕ್ರೀಟು ಎಲ್ಲ ಕೈ ಹಾಕಿರುತ್ತವೆ, ಅವನ್ನು ಬಿಡಿಸೋದು ಕಷ್ಟ.